ಡ್ರಮ್ ಬಿಡಿ, ಗೊರಬಲಿನ ಬಗ್ಗೆ ಬರೆಯಿರಿ

ಪ್ರಿಯ ಬರಹಗಾರರೇ, ವಂದನೆಗಳು.

ತೀರ್ಥಹಳ್ಳಿಯಿಂದ ನೀವು ಕಳಿಸಿದ ‘ದೇವರು ಮೆಚ್ಚುವ ಆರಾಧನೆ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನೀವು ಹೇಳುವುದು ಇಷ್ಟು. ಚರ್ಚಿನ ಸಭೆಗೆ ಹುಡುಗರು ಡ್ರಮ್, ಕೀಬೋರ್ಡ್ ತಂದರು, ಹಾರ್ಮೋನಿಯಂ ಮೂಲೆ ಸೇರಿತು. ದೇವರನ್ನು ನಮಗೆ ಇಷ್ಟ ಬಂದ ಹಾಗಲ್ಲ, ಆತನು ಹೇಳಿದ ಹಾಗೆ ಆರಾಧಿಸಬೇಕು. ಆದ್ದರಿಂದ ಡ್ರಮ್ ಹೋಗಬೇಕು. ನಡುವಿನ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ‘ಆದ್ದರಿಂದ’ ಅಂದಿರಲ್ಲ, ಅಲ್ಲೇ ಎಡವಿದ್ದೀರಿ.

ಬೈಬಲಿನ ಯಾಜಕಕಾಂಡ 10ರಿಂದ ನಾದಾಬ್, ಅಬೀಹು ಎಂಬ ಯಾಜಕರ ಕಥೆ ತಂದಿದ್ದೀರಿ. ದೇವರು ಹೇಳದ ಬೆಂಕಿಯನ್ನು ತಂದು ಸತ್ತರು, ಸರಿ. ಆದರೆ ಹಾರ್ಮೋನಿಯಂ ಬಾರಿಸಿ ಅಂತ ಯಾವ ವಚನದಲ್ಲಿದೆ? 150ನೇ ಕೀರ್ತನೆಯಲ್ಲಿ ದಮ್ಮಡಿ ಇದೆ, ತಾಳ ಇದೆ, ಕುಣಿತವೂ ಇದೆ. ಹಾರ್ಮೋನಿಯಂ ಇಷ್ಟಪಡುವುದು ತಪ್ಪಲ್ಲ, ನನಗೂ ಅದೇ ಇಷ್ಟ. ಆದರೆ ಅದು ನಮ್ಮ ಇಷ್ಟ ಅಷ್ಟೇ.

ಉಜ್ಜನ ಕಥೆಯನ್ನು ಒಂದೇ ಸಾಲಲ್ಲಿ ದಾಟಿಬಿಟ್ಟಿದ್ದೀರಿ. ಅದನ್ನು ಮತ್ತೆ ನಿಧಾನಕ್ಕೆ ಓದಿ. 2 ಸಮುವೇಲ 6ರಲ್ಲಿ ರಾಜ ದಾವೀದ ಮಂಜೂಷವನ್ನು, ಅಂದರೆ ದೇವರ ಒಡಂಬಡಿಕೆಯ ಪವಿತ್ರ ಪೆಟ್ಟಿಗೆಯನ್ನು, ಹೊಸ ಬಂಡಿಯ ಮೇಲೆ ತರಿಸುತ್ತಾನೆ. ಬಂಡಿಯಲ್ಲಿ ಸಾಗಿಸಿದ್ದು ಮೊದಲು ಇಸ್ರಾಯೇಲ್ಯರ ಶತ್ರುಗಳಾದ ಫಿಲಿಷ್ಟಿಯರು. ಅರಣ್ಯಕಾಂಡ 7ರ ಪ್ರಕಾರ ಅದನ್ನು ಲೇವಿ ಕುಲದ ಕೆಹಾತ್ಯರು ಹೆಗಲ ಮೇಲೆಯೇ ಹೊರಬೇಕಿತ್ತು. ಎತ್ತು ಎಡವಿತು, ಉಜ್ಜ ಕೈ ಚಾಚಿದ, ಅಲ್ಲೇ ಸತ್ತ. ಮಂಜೂಷ 3 ತಿಂಗಳು ಓಬೇದೆದೋಮನ ಮನೆಯಲ್ಲಿ ಉಳಿಯಿತು. ಎರಡನೇ ಸಲ ದಾವೀದ ಲೇವಿಯರ ಹೆಗಲ ಮೇಲೆ ಹೊರಿಸಿ ತಂದ. ಈಗ ಗಮನಿಸಿ, ಮೊದಲ ಸಲವೂ ಕಿನ್ನರಿ, ತಾಳ, ಹಾಡು ಇತ್ತು, ಎರಡನೇ ಸಲವೂ ಇತ್ತು. ಬದಲಾಗಿದ್ದು ವಾದ್ಯ ಅಲ್ಲ, ಬಂಡಿ ಹೋಗಿ ಹೆಗಲು ಬಂತು. ಬಂಡಿ ಸುಲಭ, ನೋಡಲು ಚಂದ, ಹೊಸದು ಬೇರೆ. ಹೆಗಲಿಗೆ ನೋವಾಗುತ್ತದೆ. ಇದನ್ನು ಕಂಡಿದ್ದರೆ ನಿಮ್ಮ ಲೇಖನದ ದಾರಿಯೇ ಬೇರೆ ಆಗುತ್ತಿತ್ತು, ಅಲ್ವಾ?

ಇನ್ನೊಂದು, ವಚನಗಳ ರಾಶಿ ಜಾಸ್ತಿ ಆಯಿತು. ಒಂದರ ಮೇಲೊಂದು ಸುಮ್ನೆ ಪೇರಿಸಿದರೆ ಓದುವವರು ಯಾವುದರ ಹತ್ತಿರವೂ ನಿಲ್ಲುವುದಿಲ್ಲ. ಎರಡು ಸಾಕು.

ಆದರೆ ಏಳನೇ ಪುಟದಲ್ಲಿ ಮೂರು ಸಾಲು ಬರೆದಿದ್ದೀರಿ, ಅದನ್ನು ಓದಿ ನಾನು ಸ್ವಲ್ಪ ಹೊತ್ತು ಹಾಳೆ ಕೆಳಗಿಟ್ಟೆ. ಆ ವರ್ಷ ಅಪ್ಪ ಸರಕನ್ನೆಲ್ಲ, ಅಂದರೆ ಮೇಲ್ದರ್ಜೆಯ ಅಡಿಕೆಯನ್ನೆಲ್ಲ, ಶಿವಮೊಗ್ಗದ ಮಂಡಿಗೆ ಕಳಿಸಿ, ಉಳಿದ ಗೊರಬಲನ್ನು, ಅಂದರೆ ಕೀಳು ದರ್ಜೆಯ ಅಡಿಕೆಯನ್ನು, ಒಂದು ಚೀಲಕ್ಕೆ ತುಂಬಿ, ಫಸಲನ್ನು ದೇವರಿಗೆ ಅರ್ಪಿಸುವ ಚರ್ಚಿನ ಬೆಳೆ ಹಬ್ಬಕ್ಕೆ ಒಯ್ದರು, ಅಮ್ಮ ದಾರಿಯುದ್ದಕ್ಕೂ ಮಾತಾಡಲಿಲ್ಲ ಅಂತ. ನಾನೂ ಅಡಿಕೆ ಸುಲಿದು ಬೆಳೆದವನು. ಸರಕು ಯಾವುದು, ಗೊರಬಲು ಯಾವುದು ಅಂತ ಕತ್ತಲಲ್ಲೂ ಬೆರಳಿಗೆ ಗೊತ್ತಾಗುತ್ತದೆ. ಅಪ್ಪನಿಗೂ ಗೊತ್ತಿತ್ತು. ಮಲಾಕಿಯ 1ನೇ ಅಧ್ಯಾಯ ಹೇಳುವುದು ಇದನ್ನೇ: ಕುರುಡು, ಕುಂಟು ಪಶುವನ್ನು ನನಗೆ ತರುತ್ತೀರಲ್ಲ, ಅದನ್ನೇ ನಿಮ್ಮ ಅಧಿಪತಿಗೆ ಕೊಟ್ಟು ನೋಡಿ, ಮೆಚ್ಚುತ್ತಾನಾ? ನೆಂಟರ ಎಲೆಅಡಿಕೆ ತಟ್ಟೆಗೆ ನಾವು ಕೆಟ್ಟ ಅಡಿಕೆ ಹಾಕುತ್ತೇವಾ?

ನಿಮ್ಮ ಲೇಖನ ಇದು. ಡ್ರಮ್ ಬಗ್ಗೆ ಬರೆದರೆ ಹುಡುಗರ ತಪ್ಪು ತೋರಿಸಿದ ಹಾಗಾಗುತ್ತದೆ. ಆ ಚೀಲದ ಬಗ್ಗೆ ಬರೆದರೆ ಓದುವ ಪ್ರತಿಯೊಬ್ಬರೂ ತಮ್ಮ ಮನೆಯ ಅಟ್ಟ ನೆನೆಸಿಕೊಳ್ಳುತ್ತಾರೆ.

ಮೊದಲು ಅಪ್ಪನ ಹತ್ತಿರ ಕೂತು ಮಾತಾಡಿ, ಅವರು ಒಪ್ಪಿದರೆ ಮಾತ್ರ ಬರೆಯಿರಿ. ಆ ವರ್ಷ ಕೊಳೆ ರೋಗ ಬಂದಿತ್ತಾ, ಸಾಲ ಇತ್ತಾ, ಹಬ್ಬದ ಕಾಣಿಕೆಗಳ ಹರಾಜಿನಲ್ಲಿ ಆ ಚೀಲವನ್ನು ಯಾರು ಕೂಗಿ ತೆಗೆದುಕೊಂಡರು, ಅಮ್ಮ ಮನೆಗೆ ಬಂದ ಮೇಲೆ ಏನಂದರು, ಇದೆಲ್ಲ ಬೇಕು. ಎರಡು ಪುಟ ಸಾಕು. ಈ ಸಲದ ಬೆಳೆ ಹಬ್ಬಕ್ಕೆ ಒಂದು ತಿಂಗಳು ಮುಂಚೆ ಕಳಿಸಿದರೆ ಆ ಸಂಚಿಕೆಗೇ ಹಾಕೋಣ.