ಲೇಖನ ತಿದ್ದಿ ಮತ್ತೆ ಕಳಿಸಿ, ತಂಗಿ

ತಂಗಿ, ನಮಸ್ಕಾರ.

ಇಂಡಿಯಿಂದ ನೀವು ಕಳಿಸಿದ, ಮಿಯಾಸಿಸ್ (ಅಂಡಾಣು, ವೀರ್ಯಾಣು ತಯಾರಾಗುವಾಗಿನ ಕೋಶ ವಿಭಜನೆ) ಬಗೆಗಿನ ಲೇಖನವನ್ನು ವಿಜಯಪುರದ ನಮ್ಮ ಪತ್ರಿಕೆಯಲ್ಲಿ ಹೀಗೇ ಹಾಕಲು ಆಗುವುದಿಲ್ಲ. ನಿಮಗೆ ಈ ವಿಷಯದ ಮೇಲೆ ಪ್ರೀತಿ ಇದೆ, ಅದಕ್ಕೇ ನೇರವಾಗಿ ಬರೆಯುತ್ತಿದ್ದೇನೆ.

ಅಂಡಾಣು, ವೀರ್ಯಾಣು ಕೂಡಿದಾಗ ಅಪ್ಪ-ಅಮ್ಮನ ಕ್ರೋಮೋಸೋಮುಗಳು (ಜೀವಕೋಶದೊಳಗಿನ ಡಿಎನ್‌ಎ ಎಳೆಗಳು) ತುಂಡು ಬದಲಿಸಿಕೊಳ್ಳುತ್ತವೆ ಎಂದಿದ್ದೀರಿ. ತಪ್ಪು. ಅದಲುಬದಲು ಅದಕ್ಕೂ ಮೊದಲೇ ಮುಗಿದಿರುತ್ತದೆ. ಅಮ್ಮನ ಅಂಡಾಣು ತಯಾರಾಗುವಾಗ ಜೋಡಿಯಾಗುವುದು ನಿಮ್ಮ ಅಜ್ಜ-ಅಜ್ಜಿಯಿಂದ ಬಂದ ಕ್ರೋಮೋಸೋಮುಗಳು. ಅದೂ ಯಾವಾಗ? ಅಮ್ಮ ಇನ್ನೂ ಅಜ್ಜಿಯ ಹೊಟ್ಟೆಯಲ್ಲಿದ್ದಾಗ! ಆಮೇಲೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಮುಂದುವರಿಯುವುದು ವರ್ಷಗಟ್ಟಲೆ ಕಳೆದು, ಆ ಅಂಡಾಣು ಹೊರಬರುವ ಹೊತ್ತಿಗೆ. ನಾಲ್ಕನೇ ಪುಟದಲ್ಲಿ ನೀವೇ ಇದನ್ನು ಸರಿಯಾಗಿ ಬರೆದಿದ್ದೀರಿ, ಆದರೆ ಒಂದೇ ಸಾಲು. ಓದುವವರು ಅಲ್ಲಿ ತನಕ ಬರಬೇಕಲ್ವಾ? ಲೇಖನ ಇಲ್ಲಿಂದಲೇ ಶುರುವಾಗಲಿ.

ಇಸ್ಪೀಟ್ ಎಲೆ ಕಲಸುವ ಹೋಲಿಕೆ ತೆಗೆಯಿರಿ. ಕಲಸಿದರೆ ಎಲೆ ಹರಿಯುವುದಿಲ್ಲ. ಇಲ್ಲಿ ಜೀವಕೋಶ ತನ್ನ ಡಿಎನ್‌ಎಯನ್ನು ತಾನೇ ಕತ್ತರಿಸಿಕೊಳ್ಳುತ್ತದೆ. ಸ್ಪೋ11 ಎಂಬ ಪ್ರೋಟೀನು ಹಲವು ಕಡೆ ಕತ್ತರಿಸುತ್ತದೆ. ಮುರಿದ ತುದಿ ಜೋಡಿ ಕ್ರೋಮೋಸೋಮಿನಲ್ಲಿ ತನ್ನಂಥದ್ದೇ ಜಾಗ ಹುಡುಕಿ, ಅದನ್ನು ನೋಡಿಕೊಂಡು ರಿಪೇರಿಯಾಗುತ್ತದೆ. ಹಾಗಾಗುವಾಗ ಕೆಲವು ಕಡೆ ಮಾತ್ರ ತುಂಡುಗಳು ಅದಲುಬದಲಾಗುತ್ತವೆ. ಬೇರೆಯಾಗುವ ಹೊತ್ತು ಬರುವ ತನಕ ಜೋಡಿಯನ್ನು ಹಿಡಿದಿಡುವುದೂ ಆ ಜಾಗಗಳೇ. ಹಿಡಿತ ಇಲ್ಲದಿದ್ದರೆ ಎರಡೂ ಒಂದೇ ಕಡೆ ಹೋಗಬಹುದು. 21ನೇ ಕ್ರೋಮೋಸೋಮು ಹಾಗೆ ಹೋದರೆ ಮಗುವಿಗೆ ಡೌನ್ ಸಿಂಡ್ರೋಮ್ ಬರಬಹುದು. ಲೆಪ್ಟೋಟೀನ್, ಝೈಗೋಟೀನ್ ಅಂತ ಹಂತಗಳ ಹೆಸರಿನ ಪಟ್ಟಿ ಕೊಡುವ ಬದಲು ಇದನ್ನು ಬಿಡಿಸಿ ಹೇಳಿ.

ಇನ್ನು ಉದಾಹರಣೆ. ಗಂಡು ಹಣ್ಣುನೊಣ ತಗೊಂಡಿದ್ದೀರಿ. ಅದರಲ್ಲಿ ಈ ಅದಲುಬದಲು ನಡೆಯುವುದೇ ಇಲ್ಲ! ಊರ ಸುತ್ತ ಬಿಳಿಜೋಳ ಇರುವಾಗ ನೊಣ ಯಾಕೆ? ಜೋಳಕ್ಕೆ 10 ಜೋಡಿ ಕ್ರೋಮೋಸೋಮು. ತೆನೆ ಇನ್ನೂ ಹೊಡೆಯೊಳಗೆ ಇರುವಾಗಲೇ ಹೂವಿನ ಪರಾಗಕೋಶದಲ್ಲಿ ಈ ಕೆಲಸ ನಡೆದಿರುತ್ತದೆ. 1931ರಲ್ಲಿ ವಿಜ್ಞಾನಿಗಳಾದ ಹ್ಯಾರಿಯೆಟ್ ಕ್ರೈಟನ್ ಮತ್ತು ಬಾರ್ಬರಾ ಮೆಕ್‌ಕ್ಲಿಂಟಾಕ್ ಕ್ರೋಮೋಸೋಮುಗಳು ನಿಜಕ್ಕೂ ತುಂಡು ಬದಲಿಸಿಕೊಳ್ಳುತ್ತವೆ ಎಂದು ಸಾಬೀತು ಮಾಡಿದ್ದು ಗೋವಿನಜೋಳದಲ್ಲಿ. ಅದಕ್ಕೂ 10 ಜೋಡಿ. 9ನೇ ಕ್ರೋಮೋಸೋಮಿನ ಒಂದು ತುದಿಯಲ್ಲಿ ಮೈಕ್ರೋಸ್ಕೋಪಿಗೆ ಕಾಣುವ ಗುಬುಟು, ಇನ್ನೊಂದು ಕಡೆ ಬೇರೆ ಕ್ರೋಮೋಸೋಮಿನ ತುಂಡು. ಕಾಳಿನ ಗುಣಗಳು ಹೊಸದಾಗಿ ಕೂಡಿಕೊಂಡಾಗ ಈ ಗುರುತುಗಳೂ ಜಾಗ ಬದಲಿಸಿದ್ದವು. ಅವರಿಬ್ಬರ ಹೆಸರು ಮಾತ್ರ ಬರೆದು ಮುಂದೆ ಹೋಗಿದ್ದೀರಿ. ಅಲ್ಲಿ ನಿಲ್ಲಬೇಕಿತ್ತು.

ಹಿಂಗಾರಿ ಜೋಳ ಹೊಡೆಗೆ ಬಂದಾಗ ಒಂದನ್ನು ಬಿಡಿಸಿ ನೋಡಿ, ಕಂಡದ್ದನ್ನೂ ಸೇರಿಸಿ. ಎರಡು ಪುಟ ಸಾಕು. ಬಂದ ಕೂಡಲೇ ನಾನೇ ಓದುತ್ತೇನೆ.