ಕ್ಲ್ಯಾಂಪ್ ಬಿಗಿದರೆ ಸೊಟ್ಟ ಹಲಗೆ ನೆಟ್ಟಗಾಗಲ್ಲ

ಪ್ರಶ್ನೆ: ನಮ್ಮ ತೋಟದ ಸಿಲ್ವರ್ ಓಕ್ ಕೊಯ್ಸಿ, ಆರು ತಿಂಗಳು ಒಣಗಿಸಿ, 9 ಇಂಚಿನ 4 ಹಲಗೆ ಜೋಡಿಸಿ ಊಟದ ಮೇಜು ಮಾಡಿದೆ. ಪ್ಲೇನರ್ ಮಿಷನ್ನಿಗೆ ಕೊಟ್ಟು ದಪ್ಪ ಸಮ ಮಾಡಿಸಿದ್ದೆ. ಮೇಲೆ ಮೂರು ಕೋಟ್ ಪಾಲಿಶ್ ಹೊಡೆದಿದ್ದೇನೆ. ಏಪ್ರಿಲ್‌ನಲ್ಲಿ ಚೆನ್ನಾಗಿತ್ತು, ಜುಲೈ ಮಳೆಗೆ ಎರಡೂ ಅಂಚು ಎದ್ದು ಮೇಜು ತಟ್ಟೆಯಾಗಿದೆ. ಒಂದು ಜೋಡಣೆ ತುದಿಯಲ್ಲಿ ಬಿಟ್ಟಿದೆ. ಅಂಟು ಕಳಪೆಯಾ ಸಾರ್?
– ಸೋಮವಾರಪೇಟೆಯ ಓದುಗರು

ಉತ್ತರ: ಅಂಟನ್ನು ಸುಮ್ನೆ ಬೈಯಬೇಡಿ. ಬಿಟ್ಟ ಜಾಗಕ್ಕೆ ಟಾರ್ಚ್ ಹಿಡಿದು ನೋಡಿ. ಮರದ ನಾರು ಕಿತ್ತು ಬಂದಿದ್ದರೆ ಅಂಟು ಗಟ್ಟಿಯಾಗೇ ಹಿಡಿದಿತ್ತು. ಅಂಟು ನುಣ್ಣಗೆ ಹೊಳೆಯುತ್ತಿದ್ದರೆ ಅಂಚುಗಳು ಸರಿಯಾಗಿ ಕೂತೇ ಇರಲಿಲ್ಲ. ನಿಮ್ಮದು ಎರಡನೆಯದು ಅಂತ ನನ್ನ ಅನುಮಾನ.

ಯಾಕಂದರೆ ಪ್ಲೇನರ್ ದಪ್ಪ ಸಮ ಮಾಡುತ್ತದೆ, ಸೊಟ್ಟ ತೆಗೆಯುವುದಿಲ್ಲ. ಅದರ ರೋಲರ್ ಹಲಗೆಯನ್ನು ಒತ್ತಿ ಚಪ್ಪಟೆ ಮಾಡಿ ಬ್ಲೇಡಿನಡಿ ಕಳಿಸುತ್ತದೆ, ಆಚೆ ಬಂದ ಕೂಡಲೇ ಹಲಗೆ ಮತ್ತೆ ಹಳೇ ಚಾಳಿಗೆ. ಅದನ್ನು ಕ್ಲ್ಯಾಂಪಿನಲ್ಲಿ ಬಲವಂತವಾಗಿ ಕೂರಿಸಿದರೆ ಒಂದು ಮಳೆಗಾಲ ಸಾಕು, ಬಿಚ್ಚಿಕೊಳ್ಳುತ್ತದೆ.

ಮೊದಲು ಒಂದು ಮುಖವನ್ನು ಕೈಯಲ್ಲೇ ಚಪ್ಪಟೆ ಮಾಡಬೇಕು. ಒಂದೇ ಎತ್ತರದ, ನೇರವಾದ ಎರಡು ರೀಪರ್ ತಗೊಂಡು ಹಲಗೆಯ ಎರಡು ತುದಿಗೆ ಅಡ್ಡ ಇಡಿ, ಕುಕ್ಕರಗಾಲಲ್ಲಿ ಕೂತು ಒಂದು ಕಣ್ಣು ಮುಚ್ಚಿ ನೋಡಿ. ಮೇಲಿನ ಗೆರೆಗಳು ಒಂದಕ್ಕೊಂದು ಓರೆಯಾಗಿ ಕಂಡರೆ ಹಲಗೆ ತಿರುಚಿದೆ ಅಂತ. ಎದ್ದಿರುವ ಎದುರುಬದುರು ಮೂಲೆಗಳನ್ನು ಕೀಸುಳಿಯಲ್ಲಿ ಕೀಸಿ. ಅದಾದ ಮೇಲೆ ಪ್ಲೇನರ್ ನಿಮ್ಮದೇ. ಸಿಲ್ವರ್ ಓಕ್ ಪುಡಿ ಕೆಲವರಿಗೆ ಮೈಯೆಲ್ಲ ತುರಿಕೆ ತರುತ್ತದೆ, ತುಂಬು ತೋಳಿನ ಅಂಗಿ ಹಾಕ್ಕೊಳ್ಳಿ.

ಅಂಚಿಗೆ ಒಂದು ಹಳೇ ಉಪಾಯವಿದೆ. ಪಕ್ಕ ಪಕ್ಕ ಬರುವ ಎರಡು ಹಲಗೆಯನ್ನು ಪುಸ್ತಕ ಮುಚ್ಚಿದ ಹಾಗೆ ಮಡಚಿ, ಒಟ್ಟಿಗೇ ವೈಸಿನಲ್ಲಿ ಹಿಡಿದು ಎರಡೂ ಅಂಚನ್ನು ಒಂದೇ ಸಲ ಕೀಸಿ. ಕೈ ಸ್ವಲ್ಪ ವಾಲಿ ಒಂದು 88 ಡಿಗ್ರಿ ಆದರೆ ಇನ್ನೊಂದು 92 ಆಗಿರುತ್ತದೆ, ಬಿಡಿಸಿ ಜೋಡಿಸಿದಾಗ ಲೆಕ್ಕ ಚುಕ್ತಾ. ಆಮೇಲೆ ಒಂದರ ಮೇಲೊಂದು ನಿಲ್ಲಿಸಿ ಹಿಂದಿನಿಂದ ಬೆಳಕು ಬಿಡಿ. ನಡುವೆ ಕಾಗದದಷ್ಟು ಸಂದಿ ಇದ್ದರೆ ಪರವಾಗಿಲ್ಲ, ಕ್ಲ್ಯಾಂಪ್ ಎಳೆದುಕೊಳ್ಳುತ್ತದೆ. ತುದಿಯಲ್ಲಿ ಮಾತ್ರ ಕೂಡದು. ಮರ ತೇವ ಕುಡಿಯುವುದು, ಬಿಡುವುದು ತುದಿಯಲ್ಲೇ ಜಾಸ್ತಿ ಅಲ್ವಾ? ಕ್ಲ್ಯಾಂಪನ್ನು ಒಂದು ಮೇಲೆ, ಒಂದು ಕೆಳಗೆ ಹಾಕಿ. ಅಂಟಿಸಿದ ಮಾರನೇ ದಿನವೇ ಕೀಸಲು ಹೋಗಬೇಡಿ. ಅಂಟಿನ ನೀರಿಗೆ ಜೋಡಣೆಯ ಗೆರೆ ಉಬ್ಬಿರುತ್ತದೆ, ಆಗಲೇ ಸಮ ಮಾಡಿದರೆ ಒಣಗಿದ ಮೇಲೆ ಅಲ್ಲಿ ಪಳ್ಳ ಬೀಳುತ್ತದೆ.

ಇನ್ನು ತಟ್ಟೆಯಾಗಿದ್ದಕ್ಕೆ ಕಾರಣ ನಿಮ್ಮ ಪತ್ರದಲ್ಲೇ ಇದೆ. ಪಾಲಿಶ್ ಮೇಲೆ ಮಾತ್ರ! ಅಡಿಭಾಗ ಮಳೆಗಾಲದ ತೇವ ಕುಡಿದು ಹಿಗ್ಗಿತು, ಮೇಲಿನದು ಅಷ್ಟು ಹಿಗ್ಗಲಿಲ್ಲ, ಅಂಚು ಎದ್ದಿತು. ಎರಡೂ ಕಡೆಗೆ ಒಂದೇ ಲೆಕ್ಕದ ಕೋಟ್ ಬೇಕು. ಆರು ತಿಂಗಳ ಒಣಗುವಿಕೆಯೂ ಕಡಿಮೆಯೇ, ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಅನ್ನುವುದು ಹಳಬರ ಅಂದಾಜು.

ಈಗ ಏನೂ ಕೀಸಬೇಡಿ. ಸ್ಕ್ರೂ ಬಿಚ್ಚಿ, ಹಲಗೆಯನ್ನು ಎರಡೂ ಮುಖಕ್ಕೆ ಗಾಳಿಯಾಡುವ ಹಾಗೆ ಒಳಗೆ ನಿಲ್ಲಿಸಿಡಿ. ಹುತ್ತರಿ ಹೊತ್ತಿಗೆ ಸುಮಾರಾಗಿ ಇಳಿದಿರುತ್ತದೆ. ಆಗ ಬಿಟ್ಟ ಜೋಡಣೆಯನ್ನು ಗರಗಸದಲ್ಲಿ ಉದ್ದಕ್ಕೆ ಸೀಳಿ ಹೊಸದಾಗಿ ಅಂಚು ಮಾಡಿ, ಕಾಲಿಂಚು ಅಗಲ ಹೋದರೆ ಹೋಗಲಿ. ಮೇಜಿನ ಚೌಕಟ್ಟಿಗೆ ಕೂರಿಸುವಾಗ ಸ್ಕ್ರೂ ತೂತನ್ನು ಅಗಲದ ಕಡೆಗೆ ಉದ್ದ ಕೊರೆಯಿರಿ. ಮೂರಡಿ ಹಲಗೆ ನಮ್ಮ ಬೇಸಿಗೆಗೂ ಮಳೆಗೂ ಕಾಲಿಂಚಾದರೂ ಆಚೀಚೆ ಆಗುತ್ತದೆ.