ಎಂಟು ಜನ ಮೌತ್ ಆರ್ಗನ್‌ನಲ್ಲಿ ಮೊಜಾರ್ಟ್ ಬರೆದ 'ಐನೆ ಕ್ಲೈನೆ ನಾಖ್ಟ್‌ಮ್ಯೂಸಿಕ್' ನುಡಿಸುತ್ತಿದ್ದೇವೆ. ಆರ್ಕೆಸ್ಟ್ರಾ ಥರ ಕೇಳಿಸಲು ಇನ್ನೆಷ್ಟು ಜನ ಬೇಕು?

ಒಬ್ಬರೂ ಬೇಡ. ಆರ್ಕೆಸ್ಟ್ರಾ ಥರ ಕೇಳಿಸಬೇಕು ಅನ್ನುವ ಆಸೆಯನ್ನೇ ಮೊದಲು ಬಿಡಿ.

ಹಾಂಕಾಂಗ್‌ನಲ್ಲಿ ಕೆಲಸಕ್ಕಿದ್ದಾಗ ನಾನೂ ಇಂಥದೇ ಹವ್ಯಾಸಿ ಗುಂಪಿನಲ್ಲಿದ್ದೆ. ಅಲ್ಲಿ ಎಷ್ಟೋ ಶಾಲೆಗಳಲ್ಲೇ ಮೌತ್ ಆರ್ಗನ್ ತಂಡಗಳಿವೆ, ನುಡಿಸುವವರಿಗೆ ಬರವಿಲ್ಲ. ನಾವು ಹಿಡಿದದ್ದೂ ನೀವು ಹೇಳಿದ 'ಐನೆ ಕ್ಲೈನೆ ನಾಖ್ಟ್‌ಮ್ಯೂಸಿಕ್' ಅನ್ನೇ. 1787ರಲ್ಲಿ ಬರೀ ತಂತಿವಾದ್ಯಗಳಿಗೆ ಬರೆದ ಕೃತಿ. ನಮ್ಮೆಲ್ಲರ ಕೈಯಲ್ಲಿದ್ದದ್ದು 12 ತೂತಿನ ಕ್ರೊಮ್ಯಾಟಿಕ್, ಅಂದರೆ ಪಕ್ಕದ ಗುಂಡಿ ಒತ್ತಿದರೆ ಸ್ವರ ಅರ್ಧ ಮೆಟ್ಟಿಲು ಏರುವ ಮೌತ್ ಆರ್ಗನ್. ಅದರ ಕೆಳಗಿನ ಕೊನೆಯ ಸ್ವರ ಪಿಯಾನೊದ ನಡುವಿನ ಸಿ ಸ್ವರ. ವಯಲಿನ್‌ಗಿಂತ ತುಸು ದೊಡ್ಡದಾದ ವಿಯೋಲಾ ಇನ್ನೂ ಒಂದು ಸ್ಥಾಯಿ ಕೆಳಗಿಳಿಯುತ್ತದೆ. ಸರಿ, ವಿಯೋಲಾದ ಸಾಲನ್ನು ಒಂದು ಸ್ಥಾಯಿ ಮೇಲೆತ್ತಿ ಬರೆದುಕೊಂಡೆವು.

ಕೆಟ್ಟದ್ದು ಅಲ್ಲೇ. ಸ್ವಲ್ಪ ಬಿಡಿಸಿ ಹೇಳುತ್ತೇನೆ. ವಿಯೋಲಾ ಮಧ್ಯದಲ್ಲಿದ್ದು ತುಂಬಿಕೊಡುವ ದನಿ. ಮೇಲೆತ್ತಿದರೆ ಅದು ಎರಡನೇ ವಯಲಿನ್ ದಾಟಿ, ಕೆಲವು ಕಡೆ ಮುಖ್ಯ ಟ್ಯೂನ್‌ಗಿಂತಲೂ ಮೇಲೆ ಹೋಗುತ್ತದೆ. ಕಿವಿ ಸಾಮಾನ್ಯವಾಗಿ ಎಲ್ಲಕ್ಕಿಂತ ಮೇಲಿರುವ ಸ್ವರವನ್ನೇ ಟ್ಯೂನ್ ಅಂದುಕೊಳ್ಳುತ್ತದೆ. ತಂತಿವಾದ್ಯಗಳಲ್ಲಾದರೆ ವಯಲಿನ್ ದನಿ ಬೇರೆ, ವಿಯೋಲಾ ದನಿ ಬೇರೆ, ಹೇಗೋ ಗುರುತು ಸಿಗುತ್ತದೆ. ಮೌತ್ ಆರ್ಗನ್‌ನಲ್ಲಿ ಎಲ್ಲವೂ ಅದೇ ರೀಡ್ (ಉಸಿರಿಗೆ ಅದುರಿ ಸ್ವರ ಹೊರಡಿಸುವ ಲೋಹದ ಪಟ್ಟಿ), ಅದೇ ದನಿ. ಟ್ಯೂನ್ ಮುಳುಗುತ್ತಿದೆ ಅಂತ ಅದಕ್ಕೇ ಇನ್ನಷ್ಟು ಜನರನ್ನು ಹಾಕಿದೆವು. ಗದ್ದಲ ಜಾಸ್ತಿಯಾಯಿತು, ಅಷ್ಟೇ. ಒಬ್ಬೊಬ್ಬರ ರೀಡ್‌ನ ಶ್ರುತಿ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇರುತ್ತದಲ್ವಾ, ಒಂದೇ ಸ್ವರವನ್ನು ಐದಾರು ಜನ ಹಿಡಿದಾಗ ಅದು ಅಲೆಅಲೆಯಾಗಿ ನಡುಗುತ್ತದೆ. ಹಾಗೇ ಒಂದು ಕಾರ್ಯಕ್ರಮದಲ್ಲಿ ನುಡಿಸಿದೆವು, ಅವರು ನಮ್ಮನ್ನು ಮತ್ತೆ ಕರೆಯಲಿಲ್ಲ.

ಜನ ಸೇರಿಸುವ ದುಡ್ಡು, ಓಡಾಟವನ್ನು ವಾದ್ಯಕ್ಕೆ ಹಾಕಿ. ಒಂದು 16 ತೂತಿನ ಕ್ರೊಮ್ಯಾಟಿಕ್ ತಗೊಳ್ಳಿ. ಅದು ವಿಯೋಲಾದ ಕೊನೆಯ ಸಿ ಯಿಂದಲೇ ಶುರುವಾಗುತ್ತದೆ. ಆದರೆ ಕೆಳಗಿನ ರೀಡ್‌ಗಳು ತಡವಾಗಿ ಮಾತಾಡುತ್ತವೆ, ಮೆತ್ತಗೆ ಊದಬೇಕು. ತಗ್ಗು ದನಿಯ ಚೆಲ್ಲೊ ಸಾಲಿಗೆ ಬಾಸ್ ಹಾರ್ಮೋನಿಕಾ, ಅಂದರೆ ತಗ್ಗು ಸ್ವರಗಳ ಮೌತ್ ಆರ್ಗನ್. ಅದರಲ್ಲಿ ಊದಿದರೆ ಮಾತ್ರ ಸ್ವರ, ಉಸಿರು ಒಳಗೆಳೆದರೆ ಇಲ್ಲ, ಹಾಗಾಗಿ ಉಸಿರು ಬೇಗ ಖಾಲಿ. ಒಂದೇ ಸ್ವರ ಪಟಪಟ ಬರುವ ಕಡೆ ಅರ್ಧದಷ್ಟನ್ನು ಧೈರ್ಯವಾಗಿ ತೆಗೆದುಹಾಕಿ. ಹಲವು ಸ್ವರಗಳನ್ನು ಒಟ್ಟಿಗೇ ಹೊರಡಿಸುವ ಕಾರ್ಡ್ ಹಾರ್ಮೋನಿಕಾ ಇದಕ್ಕೆ ಬೇಡವೇ ಬೇಡ. ಮೊಜಾರ್ಟ್ ಒಂದೊಂದಾಗಿ ಹೆಣೆದ ದನಿಗಳನ್ನು ಅದು ಮುದ್ದೆ ಮಾಡಿಬಿಡುತ್ತದೆ. ಹಾಂಕಾಂಗ್‌ನ ಕಿಂಗ್ಸ್ ಹಾರ್ಮೋನಿಕಾ ಕ್ವಿಂಟೆಟ್ ಕೇಳಿ. 1987ರಿಂದ ಇರುವ ತಂಡ, ಐದೇ ಜನ. ಯಾರ ಸಾಲು ಯಾವುದು ಅಂತ ಸ್ಪಷ್ಟವಾಗಿ ಕೇಳುತ್ತದೆ.

ಇನ್ನೊಂದು. ಮೊದಲ ಭಾಗದಿಂದ ಶುರು ಮಾಡಬೇಡಿ. ಎರಡನೆಯದು, ರೊಮಾನ್ಸೆ, ಸಿ ಮೇಜರ್‌ನಲ್ಲಿದೆ. ಕ್ರೊಮ್ಯಾಟಿಕ್‌ನಲ್ಲಿ ಸಿ ಊದಿದರೂ ಸಿಗುತ್ತದೆ, ಗುಂಡಿ ಒತ್ತಿ ಬಿ ಯನ್ನು ಎಳೆದರೂ ಸಿಗುತ್ತದೆ. ಸಾಲು ಕಡಿಯದ ಹಾಗೆ ಎಲ್ಲಿ ಊದಬೇಕು, ಎಲ್ಲಿ ಎಳೆಯಬೇಕು ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಂಡೇ ರಿಹರ್ಸಲ್‌ಗೆ ಕೂತುಕೊಳ್ಳಿ.